ರೇಣುಕಪ್ರಸಾದ್ ಕಟ್ಟಿಕೊಟ್ಟ ಸಂಸಾರಗಳು

ರೇಣುಕಪ್ರಸಾದನಿಗೆ ಸುಳ್ಳು ಹೇಳುವುದು ಬರುತ್ತಿರಲಿಲ್ಲ. ಹಾಗೆಂದು ಅವನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. "ಇರೋದನ್ನ ಸ್ವಲ್ಪ ಮುಂದಾಗಿ ಹೇಳ್ತೀನಿ ಅಷ್ಟೆ ಕಣ್ರೀ. ಇವತ್ತು ಹುಡುಗುಂಗೆ ಎರಡೆಕರೆ ಐತೆ, ನಾಳೆ ನಾಲ್ಕಾಗಲ್ವಾ? ನಾನು ನಾಳೇದು ಹೇಳ್ತೀನಿ" ಎನ್ನುವುದು ಅವನ ಸಮರ್ಥನೆ. ಮೊದಲು ಅವನು ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುತ್ತಿದ್ದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ತುಂಬ ನಡೆಯುವುದು, ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುವುದು. ಕಾಯಿ ಎದ್ದು ನಿಂತ ಕಡೆಯಲ್ಲೆಲ್ಲ ಕೊರೆಸಿದರೆ ಧೂಳೇ ಬಂದು, ತನ್ನೂರು ಬಿಳಿಗೆರೆಯಲ್ಲಿ ತಲೆಯೆತ್ತಿ ಓಡಾಡುವುದು ಕಷ್ಟವಾದಾಗ ಹೆಂಡತಿಯನ್ನು ಕರೆದುಕೊಂಡು ತಿಪಟೂರಿಗೆ ಬಂದು ಮದುವೆ ದಲ್ಲಾಳಿಯಾದ. ಹೆಂಡತಿ ರಾಧಾಮಣಿಗೆ ಎರಡು ಕಸುಬಿನ ನಡುವೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. "ತೋರ್ಸೋರು ಇವ್ರು, ಬಿದ್ದು ಒದ್ದಾಡೋರು ಬೇರೆಯೋರು" ಎನ್ನುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಬಾಡಿಗೆ ಮನೆ. ರಾಧಾಮಣಿ ಬೆಳಿಗ್ಗೆ ಎದ್ದು ಅಡುಗೆ ಮುಗಿಸಿ, ಕಾಯಿಪುಡಿ ಮಾಡುವ ಕಾರ್ಖಾನೆಗೆ ಹೋಗಿ, ಸಂಜೆಯವರೆಗೆ ಕಾಯಿಯ ಕಂದು ಸಿಪ್ಪೆ ಹೆರೆದು ಬರುತ್ತಿದ್ದಳು. ರೇಣುಕಪ್ರಸಾದ್ ಗರಿಗರಿ ಇಸ್ತ್ರಿಯ ಬಿಳಿ ಷರ್ಟು ತೊಟ್ಟು, ಎರಡು ಫೋನು ಜೇಬಿಗೆ ಹಾಕಿಕೊಂಡು ಹಳ್ಳಿಗಳ ಕಡೆ ಹೊರಡುತ್ತಿದ್ದ. ಆ ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದವರು ಯಾರೆಂದು ಕೇಳುವ ಅಗತ್ಯವಿಲ್ಲ.

ಅವನ ಗಿರಾಕಿಗಳೆಲ್ಲ ತೆಂಗಿನ ತೋಟದ ಗಂಡುಗಳು. ತೋಟವಿತ್ತು, ತೋಟದಲ್ಲಿ ನೀರಿತ್ತು, ಮನೆ ಮುಂದೆ ಬುಲೆಟ್ ಗಾಡಿ ಇತ್ತು, ಹೆಣ್ಣೊಂದು ಇರಲಿಲ್ಲ. ಇವರೇ ಇಪ್ಪತ್ತೈದರ ವಯಸ್ಸಿನಲ್ಲಿ ಒಂದು ಹುಡುಗಿಯನ್ನು ಬಣ್ಣ ಸಾಲದೆಂದು, ಇನ್ನೊಬ್ಬಳನ್ನು ಹಲ್ಲು ಉಬ್ಬೆಂದು, ಮತ್ತೊಬ್ಬಳನ್ನು ಕಾಫಿ ಕೊಡುವಾಗ ಮುಖ ನೋಡಿದಳೆಂದು ಬಿಟ್ಟು ಬಂದ ಮಹಾನುಭಾವರು. ಈಗ ಕೂದಲು ಹಿಂದೆ ಸರಿದು ಹೊಟ್ಟೆ ಮುಂದೆ ಬಂದ ಮೇಲೆ, "ಯಾವ್ದಾದ್ರೂ ಆಗ್ಲಿ ಬುಡಣ್ಣ, ಮನೇಲೊಂದು ದೀಪ ಹಚ್ಚೋ ಜೀವ ಇದ್ರೆ ಸಾಕು" ಎನ್ನುತ್ತಿದ್ದರು. ಹೆಣ್ಣಿನ ಕಡೆಯವರಿಗೋ, ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವ ಕಾಲ ಬಂದಿತ್ತು. ಮೊದಲು ಮನೆಯ ಫೋಟೋ ಕಳಿಸಿ ಎನ್ನುತ್ತಿದ್ದರು. ಫೋಟೋ ಹೋದ ಮೇಲೆ ಅವರ ಫೋನು ಸ್ವಿಚ್ ಆಫ್ ಆಗುತ್ತಿತ್ತು.

ಹೀಗಿರುವಾಗ ಒಂದು ದಿನ ಒಡೆದ ಫೋನಿನ ಗಾಜು ಹಾಕಿಸಲು ರೇಣುಕಪ್ರಸಾದ್ ಸಲ್ಮಾನನ ಅಂಗಡಿಗೆ ಹೋದ. ಕಂಪ್ಯೂಟರ್, ಮೊಬೈಲ್ ರಿಪೇರಿಯ ಸಲ್ಮಾನ್ ಅವನ ಹಳೆಯ ಪರಿಚಯದವನು. ಮೇಜಿನ ಮೇಲೆ ದಪ್ಪನೆಯ ಲ್ಯಾಪ್‌ಟಾಪೊಂದು ತೆರೆದಿತ್ತು. ಅದರಲ್ಲಿ ಸೂರಿಲ್ಲದ ಮನೆ. ಮೇಲಿನಿಂದ ನೋಡಿದರೆ ಅಡುಗೆಮನೆ, ಮಲಗುವ ಕೋಣೆ ಎಲ್ಲವೂ ಕಾಣುತ್ತಿದ್ದವು. ಒಳಗೆ ಹೆಂಗಸೊಬ್ಬಳು ಏನೋ ಹುರಿಯುತ್ತಿದ್ದಳು, ಗಂಡಸೊಬ್ಬ ನೆಲ ಒರೆಸುತ್ತಿದ್ದ.

"ಯಾವ ಸೀರಿಯಲ್ಲೋ ಇದು? ಗಂಡಸಿನ ಕೈಲಿ ನೆಲ ಒರೆಸ್ತಾವ್ರೆ!"

"ಸೀರಿಯಲ್ ಅಲ್ಲ ಪ್ರಸಾದಣ್ಣ, ಗೇಮು. ರಿಪೇರಿಗೆ ಕೊಟ್ಟೋನು ವಾಪಸ್ ಬರ್ಲೇ ಇಲ್ಲ. ಟೈಂಪಾಸಿಗೆ ಆಡ್ತಾ ಇದೀನಿ" ಎಂದ ಸಲ್ಮಾನ್. "ಇದ್ರಲ್ಲಿ ಜನಾನ ನಾವೇ ಮಾಡ್ಬೇಕು. ಮೂಗು, ಹೊಟ್ಟೆ, ಎಲ್ಲಾ ನಮ್ಮಿಷ್ಟ. ಮನೆ ನಾವೇ ಕಟ್ಬೇಕು. ಆಮೇಲೆ ಅವ್ರು ಲವ್ ಮಾಡ್ತಾರೆ, ಮದುವೆ ಆಯ್ತಾರೆ, ಮಕ್ಕಳಾಯ್ತವೆ."

"ಜಾತಕ?"

"ಕೇಳಲ್ಲ."

"ಹೆಣ್ಣಿನ ಕಡೆಯೋರು?"

"ಇಲ್ಲವೇ ಇಲ್ಲ."

ರೇಣುಕಪ್ರಸಾದ್ ಸ್ಟೂಲು ಎಳೆದುಕೊಂಡು ಕೂತ. "ಮದುವೆ ಆಗಕ್ಕೆ ಎಷ್ಟೊತ್ತು ಹಿಡೀತದೆ?"

"ಬೆಳಿಗ್ಗೆ ಶುರು ಮಾಡಿದ್ರೆ ಊಟದ ಹೊತ್ತಿಗೆ ಮಗೂನೂ ಆಯ್ತದೆ."

ಅಷ್ಟು ವರ್ಷ ಒಂದೊಂದು ಸಂಬಂಧಕ್ಕೂ ಚಪ್ಪಲಿ ಸವೆಸಿದ್ದ ಮನುಷ್ಯನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವತ್ತೇ ಆ ಲ್ಯಾಪ್‌ಟಾಪನ್ನು ಸಲ್ಮಾನನಿಂದ ಕೊಂಡು ಮನೆಗೆ ತಂದ.

ಕಲಿಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಕಥೆ ಕಟ್ಟುವ ಕೈಗೆ ಮನೆ ಕಟ್ಟುವುದು ಯಾವ ಲೆಕ್ಕ? ಎಷ್ಟು ಬೇಕಾದರೂ ದುಡ್ಡು ಬರುವ ಕಳ್ಳ ಕೋಡೊಂದನ್ನು ಸಲ್ಮಾನ್ ಹೇಳಿಕೊಟ್ಟಿದ್ದ. ಮೊದಲ ಪ್ರಯೋಗ ಬಿಳಿಗೆರೆಯ ಭೀಮರಾಜುವಿನ ಮೇಲೆ ನಡೆಯಿತು. ಭೀಮರಾಜುವಿನ ತಲೆಗೆ ಕೂದಲು ನೆಟ್ಟ, ಹೊಟ್ಟೆ ಒಳಗೆ ತಳ್ಳಿದ, ಎತ್ತರ ಒಂದು ಗೇಣು ಹೆಚ್ಚಿಸಿದ. ಅವನ ಹೆಂಚಿನ ಮನೆಯ ಜಾಗದಲ್ಲಿ ಗಾಜಿನ ಕಿಟಕಿಯ ಮಹಡಿ ಮನೆ ಎಬ್ಬಿಸಿದ. ಹೆಣ್ಣಿನ ಫೋಟೋ ನೋಡಿ ಅವಳನ್ನೂ ಮಾಡಿ ಮನೆಯೊಳಗೆ ಬಿಟ್ಟ. ಆಟದ ಮಂದಿ ಆಡುವ ಮಾತು ಯಾವ ದೇಶದ ಭಾಷೆಯೂ ಅಲ್ಲ, ಬರೀ ಗಿಲಿಗಿಲಿ. ಅದು ರೇಣುಕಪ್ರಸಾದನಿಗೆ ದೇವರು ಕೊಟ್ಟ ವರವಾಯಿತು. ಹೆಣ್ಣಿನ ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಟ್ಟು, ಅವರು ಗಿಲಿಗಿಲಿ ಎಂದಾಗಲೆಲ್ಲ ಇವನು ಅರ್ಥ ಹೇಳುತ್ತಿದ್ದ.

"ಕೇಳಿದ್ರಾ ತಾಯಿ? 'ನೀನು ಕೂತ್ಕೋ, ಇವತ್ತು ಕಾಫಿ ನಾನು ಮಾಡ್ತೀನಿ' ಅಂತಾವ್ನೆ ಅಳಿಯ. ಈಗ ನಿಮ್ಮ ಮಗಳು ಏನಂದ್ಲು ಗೊತ್ತಾ? 'ಅತ್ತೆಗೆ ಮೊದ್ಲು ಕೊಡಿ' ಅಂದ್ಲು. ಸಂಸ್ಕಾರ ಅಂದ್ರೆ ಇದು!"

ಹುಡುಗಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮದುವೆ ನಡೆದೇ ಹೋಯಿತು. ಗಂಡನ ಮನೆಗೆ ಬಂದ ಹುಡುಗಿ ಮಹಡಿ ಎಲ್ಲಿ ಎಂದು ಕೇಳಿದಳಂತೆ. ಭೀಮರಾಜುವಿನ ತಾಯಿ ಏಣಿ ತೋರಿಸಿದರಂತೆ. ಹತ್ತಿ ನೋಡಿದರೆ ಅಟ್ಟ. ಅಟ್ಟದ ತುಂಬ ಕೊಬ್ಬರಿಯಾಗಲೆಂದು ಒಣಗಲು ಹಾಕಿದ್ದ ಕಾಯಿ. ದೂರು ಬಂದಾಗ ರೇಣುಕಪ್ರಸಾದನಿಗೆ ನಿಜಕ್ಕೂ ಬೇಸರವಾಯಿತು. "ಮೇಲಿರೋದು ಮಹಡಿ ಅಲ್ದೆ ಇನ್ನೇನು? ಕಾಯಿ ಇಳಿಸಿದ್ರೆ ಹಾಲ್ ಆಯ್ತದೆ" ಎಂದ.

ಅಲ್ಲಿಂದ ಮುಂದೆ ಅವನಿಗೆ ತಡೆಯೇ ಇರಲಿಲ್ಲ. ಒಂದರ ಹಿಂದೆ ಒಂದು ಸಂಸಾರ ಕಟ್ಟಿದ. ಕೊಟ್ಟಿಗೆಗಳು ಜಿಮ್ ಆದವು, ತಿಪ್ಪೆಗಳು ಗುಲಾಬಿ ತೋಟವಾದವು. ಒಮ್ಮೆ ಮಾತ್ರ ಎಡವಟ್ಟಾಯಿತು. ಹುಡುಗಿಯ ತಂದೆ ತಾಯಿ ನೋಡುತ್ತಿರುವಾಗಲೇ ಪರದೆಯ ಮೇಲಿನ ಗಂಡು ತಾನಾಗಿ ಎದ್ದು ಹೋಗಿ ಪಕ್ಕದ ಮನೆಯವಳನ್ನು ತಬ್ಬಿಕೊಂಡ. "ತಂಗಿ ಆಗ್ಬೇಕು, ಊರಿಂದ ಬಂದವ್ಳೆ" ಎಂದು ಇವನು ಸಂಭಾಳಿಸಿದ. ಆಮೇಲೆ ಸಲ್ಮಾನನನ್ನು ಕೇಳಿ, ಆಟದ ಜನಕ್ಕೆ ಸ್ವಂತ ಬುದ್ಧಿ ಕೊಡುವ ಬಟನ್ನನ್ನೇ ಆಫ್ ಮಾಡಿಸಿಕೊಂಡ. ಹೇಳಿದಷ್ಟು ಮಾಡಿಕೊಂಡು ಬಿದ್ದಿರುವ ಸಂಸಾರವೇ ಮಾದರಿ ಸಂಸಾರ ಎಂದು ಅವನ ನಂಬಿಕೆ.

ದಂಡಿನಶಿವರದ ಸಣ್ಣತಿಮ್ಮಯ್ಯ, ಪುಟ್ಟಗಂಗಮ್ಮನವರ ಒಬ್ಬನೇ ಮಗ ರವಿಕಿರಣ್. ವಯಸ್ಸು ಮೂವತ್ತಾರು ದಾಟಿತ್ತು. ಅವನ ಸಂಸಾರ ಕಟ್ಟಲು ಕೂತಾಗ ಆಟ ಹುಡುಗನ ಗುಣ ಕೇಳಿತು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಪಕ್ಕದಲ್ಲೊಂದೊಂದು ಚಿತ್ರ. ರೇಣುಕಪ್ರಸಾದ್ ಪುಟ್ಟಗಂಗಮ್ಮನಿಗೆ ಫೋನು ಮಾಡಿದ.

"ಗುಣ ಏನ್ ಹೇಳದು ಕಣಪ್ಪ, ರಾಜನಂಗೆ ಬೆಳೆದವ್ನೆ. ಉಂಡ ತಟ್ಟೆ ಇವತ್ತಿನವರ್ಗೂ ಎತ್ತಿಟ್ಟಿಲ್ಲ" ಎಂದಳು ಪುಟ್ಟಗಂಗಮ್ಮ ಹೆಮ್ಮೆಯಿಂದ.

ಚಿತ್ರಗಳಲ್ಲಿ ಒಳ್ಳೆಯ ಸೋಫಾದ್ದೊಂದಿತ್ತು. ಸುಖವಾಗಿ ಬೆಳೆದವನು ಎಂದೇ ಇರಬೇಕೆಂದು ಅದನ್ನೇ ಒತ್ತಿದ. ಪಕ್ಕದಲ್ಲಿದ್ದ ಇಂಗ್ಲಿಷಿನ ಅರ್ಥ ಸೋಮಾರಿ ಎಂದು ಅವನಿಗೆ ತಿಳಿಯಲಿಲ್ಲ. ಹೀಗೆ ತನಗೇ ಗೊತ್ತಿಲ್ಲದೆ ಅವನ ಕೈಯಲ್ಲಿ ಒಂದು ನಿಜ ಹೊರಬಿತ್ತು.

ಹೆಣ್ಣು ಅರಳಗುಪ್ಪೆಯ ಶ್ರೀರಂಗಯ್ಯ, ಮಂಜಮ್ಮನವರ ಮಗಳು ಇಂದುಶ್ರೀ. ತಿಪಟೂರಿನ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಭಾನುವಾರ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳು ಬಂದವು. ರೇಣುಕಪ್ರಸಾದ್ ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ತೊಟ್ಟಿಲಲ್ಲಿ ಮಗು, ಹಿತ್ತಲಲ್ಲಿ ಈಜುಕೊಳ ಇರುವ ಮನೆ ತೋರಿಸಿದ.

"ನಮ್ಮನೆ ಹಿಂಗೇ ಕಾಣ್ತದೆ, ಸ್ವಲ್ಪ ಆ ಕಡೆಯಿಂದ ನಿಂತ್ಕಂಡು ನೋಡಿದ್ರೆ" ಎಂದಳು ಪುಟ್ಟಗಂಗಮ್ಮ. ಸಣ್ಣತಿಮ್ಮಯ್ಯ ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕುತ್ತಿದ್ದ.

ಇಂದುಶ್ರೀ ಕಾಫಿ ತಟ್ಟೆ ಕೆಳಗಿಟ್ಟು ಪರದೆಯನ್ನೇ ನೋಡಿದಳು. ಹಾಸ್ಟೆಲಿನಲ್ಲಿದ್ದಾಗ ಅವಳು ಓದಿದ್ದಕ್ಕಿಂತ ಹೆಚ್ಚು ಆಡಿದ್ದು ಇದೇ ಆಟವನ್ನು. ಎಷ್ಟೋ ಗಂಡಂದಿರನ್ನು ಬಾಗಿಲಿಲ್ಲದ ಕೋಣೆಯಲ್ಲಿಟ್ಟು ಗೋಡೆ ಎಬ್ಬಿಸಿದ ಅನುಭವ ಅವಳಿಗಿತ್ತು.

"ಅಂಕಲ್, ದುಡ್ಡಿನ ಕೋಡ್ ಹಾಕಿದೀರಾ?"

ರೇಣುಕಪ್ರಸಾದನಿಗೆ ಕೆಮ್ಮು ಬಂತು. "ಅದು… ಬ್ಯಾಂಕ್ ಲೋನು ಕಣಮ್ಮ."

"ಈ ಆಟದಲ್ಲಿ ಬ್ಯಾಂಕೇ ಇಲ್ಲ ಅಂಕಲ್" ಎಂದು ನಕ್ಕು, ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. "ಸ್ವಂತ ಬುದ್ಧಿ ಆಫ್ ಮಾಡಿಟ್ಟಿದೀರ. ಒಂದ್ನಿಮಿಷ ಆನ್ ಮಾಡಣ. ಇವ್ರ ಪಾಡಿಗೆ ಇವ್ರನ್ನ ಬಿಟ್ರೆ ಏನ್ ಮಾಡ್ತಾರೆ ನೋಡಣ."

ಬೇಡ ಎನ್ನಲು ಇವನು ಬಾಯಿ ತೆರೆಯುವಷ್ಟರಲ್ಲಿ ಬಟನ್ ಒತ್ತಿಯಾಗಿತ್ತು. ಪರದೆಯ ರವಿಕಿರಣ್ ಒಮ್ಮೆ ಮೈ ಮುರಿದ. ಕನ್ನಡಿ ಮುಂದೆ ನಿಂತು ತಲೆ ಬಾಚಿದ. ಟಿ.ವಿ. ಹಾಕಿಕೊಂಡು ಕೂತ. ತೊಟ್ಟಿಲಲ್ಲಿ ಮಗು ಅಳಲು ಶುರುಮಾಡಿತು. ಅವನು ಎದ್ದ. ರೇಣುಕಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಎದ್ದವನು ಮಗುವನ್ನು ದಾಟಿಕೊಂಡು ಹೋಗಿ, ಫ್ರಿಜ್ ತೆಗೆದು ಏನೋ ತಿಂದು, ತಟ್ಟೆಯನ್ನು ನೆಲದ ಮೇಲಿಟ್ಟು ಬಂದು, ಮಗುವಿನ ಪಕ್ಕದಲ್ಲೇ ಕೂತು ಎರಡು ಕಿವಿಗೂ ಬೆರಳಿಟ್ಟುಕೊಂಡ.

"ಏನಂತಾವ್ರೆ ಇವ್ರು?" ಎಂದರು ಶ್ರೀರಂಗಯ್ಯ, ಅರ್ಥ ಹೇಳುವವನ ಕಡೆ ತಿರುಗಿ. ರೇಣುಕಪ್ರಸಾದನ ಬಾಯಲ್ಲಿ ಮಾತೇ ಹುಟ್ಟಲಿಲ್ಲ. ಅವನ ಇಡೀ ಕಸುಬಿನಲ್ಲಿ ಇದೇ ಮೊದಲು.

"ಅದು ನಾನಲ್ಲ" ಎಂದ ಸೋಫಾದ ಮೇಲಿದ್ದ ನಿಜವಾದ ರವಿಕಿರಣ್. ಅವನು ತಿಂದ ಉಪ್ಪಿಟ್ಟಿನ ತಟ್ಟೆ ಅವನ ಕಾಲ ಬಳಿ ನೆಲದ ಮೇಲಿತ್ತು.

"ಸರಿ, ಈಗ ನೀವೇ ಆಡಿ" ಎಂದು ಇಂದುಶ್ರೀ ಮೌಸನ್ನು ಅವನ ಕೈಗೆ ಕೊಟ್ಟಳು. "ಈ ಹೆಂಡತಿ ನಾನು ಅನ್ಕೊಳಿ. ನೀವು ಹೇಳಿದಂಗೆ ಕೇಳ್ತೀನಿ."

ಇಂಥ ಅವಕಾಶ ಯಾವ ಗಂಡಿಗೆ ಸಿಕ್ಕೀತು! ರವಿಕಿರಣ್ ಮುಂದೆ ಸರಿದು ಕೂತ. ಅಡುಗೆ ಮಾಡಿಸಿದ. ಪಾತ್ರೆ ತೊಳೆಸಿದ. ಮಗುವನ್ನು ಎತ್ತಿಸಿದ. ಮತ್ತೆ ಅಡುಗೆ ಮಾಡಿಸಿದ. ಅವಳ ತಲೆಯ ಮೇಲೊಂದು ಗುಳ್ಳೆ ಎದ್ದಿತು. ಗುಳ್ಳೆಯೊಳಗೆ ಬಣ್ಣ, ಕುಂಚ.

"ಏನಿದು?"

"ಅವಳಿಗೇನೋ ಆಸೆ. ಚಿತ್ರ ಬರೀಬೇಕಂತೆ."

"ಆಮೇಲೆ ನೋಡಣ" ಎಂದು ರವಿಕಿರಣ್ ಕಸ ಹೊಡೆಸಿದ. ಗುಳ್ಳೆ ಒಡೆಯಿತು. ಇನ್ನೊಂದು ಸಲ ಪಾತ್ರೆ ತೊಳೆಯಲು ಕಳಿಸಿದಾಗ ಹೆಂಗಸು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅಳತೊಡಗಿದಳು. ರವಿಕಿರಣ್ ಸಿಕ್ಕ ಸಿಕ್ಕ ಕಡೆ ಒತ್ತಿದ, ಅವಳು ಏಳಲಿಲ್ಲ.

ಪುಟ್ಟಗಂಗಮ್ಮನಿಗೆ ಮಗ ಕಂಗಾಲಾದದ್ದು ಸಹಿಸಲಾಗಲಿಲ್ಲ. "ಅಳ್ಲಿ ಬುಡು ಮಗಾ. ನಾವೇನು ಅತ್ತಿಲ್ವಾ? ಒಲೆ ಮೇಲಿರೋದು ಇಳಿಸಿ ಅಳು ಅಂತ ಹೇಳು."

ಮಂಜಮ್ಮ ಇನ್ನೂ ಖಾಲಿಯಾಗದ ಕೇಸರಿಬಾತಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ನಡೆದರು. ಸಣ್ಣತಿಮ್ಮಯ್ಯನ ಚಮಚ ಗಾಳಿಯಲ್ಲೇ ಉಳಿಯಿತು. ಸಂಬಂಧ ಮುರಿಯಿತೆಂದು ಬಾಯಿಬಿಟ್ಟು ಯಾರೂ ಹೇಳಬೇಕಾಗಲಿಲ್ಲ.

ಮರುದಿನ ಇಂದುಶ್ರೀ ಲ್ಯಾಬಿನಲ್ಲಿ ಇದನ್ನು ಹೇಳಿದಳು. ಕಥೆ ಕಟ್ಟುವುದರಲ್ಲಿ ಅವಳೇನು ರೇಣುಕಪ್ರಸಾದನಿಗೆ ಕಮ್ಮಿಯಿರಲಿಲ್ಲ. ರಕ್ತ ಕೊಡಲು ಬಂದವರೆಲ್ಲ ಕಥೆ ತೆಗೆದುಕೊಂಡು ಹೋದರು. ತುರುವೇಕೆರೆ ತಲುಪುವಷ್ಟರಲ್ಲಿ ಪರದೆಯ ರವಿಕಿರಣ್ ಹೆಂಡತಿಗೆ ಸೌದೆಯಲ್ಲಿ ಹೊಡೆದಿದ್ದ, ಚಿಕ್ಕನಾಯಕನಹಳ್ಳಿಯಲ್ಲಿ ಪೊಲೀಸರೂ ಬಂದಿದ್ದರು.

ತನ್ನ ಕಸುಬು ಮುಗಿಯಿತೆಂದು ರೇಣುಕಪ್ರಸಾದ್ ಷರ್ಟು ಬಿಚ್ಚಿ ಗೂಟಕ್ಕೆ ಹಾಕಿ, ಗೋಡೆ ಕಡೆ ಮುಖ ಮಾಡಿ ಮಲಗಿದ. ಮತ್ತೆ ಬೋರ್‌ವೆಲ್ಲಿಗೇ ಹೋಗಬೇಕೇನೋ ಎಂದು ಅಂಗೈ ನೋಡಿಕೊಂಡದ್ದೂ ಉಂಟು. ಆದರೆ ವಾರ ಕಳೆಯುವುದರೊಳಗೆ ಎರಡೂ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿದವು. ಕರೆಯೆಲ್ಲ ಹೆಣ್ಣು ಹೆತ್ತವರದು. "ಹುಡುಗನ್ನ ಪರೀಕ್ಷೆ ಮಾಡೋ ಮಿಷನ್ನು ನಿಮ್ಮತ್ರ ಐತಂತಲ್ಲ? ಬರೋವಾಗ ಅದನ್ನ ತಂದ್ರೆ ಮಾತ್ರ ಬನ್ನಿ."

ಅವನು ಎದ್ದು ಕೂತ. ಕನ್ನಡಿ ನೋಡಿದ. ತಾನು ಮೊದಲಿನಿಂದಲೂ ಇದಕ್ಕಾಗಿಯೇ ಆ ಲ್ಯಾಪ್‌ಟಾಪ್ ತಂದದ್ದೆಂದು ಆ ಕ್ಷಣದಲ್ಲಿ ಅವನಿಗೆ ಮನವರಿಕೆಯಾಯಿತು. "ನಾನು ಈ ತಾಲ್ಲೂಕಿನ ಗಂಡಸರನ್ನ ತಿದ್ತಾ ಇದೀನಿ ಕಣೇ" ಎಂದ ರಾಧಾಮಣಿಗೆ. ಅವಳು ಅವನು ಎದ್ದ ಹಾಸಿಗೆಯನ್ನು ಮಡಿಸುತ್ತಿದ್ದಳು.

ಗಂಡಿನ ಕಡೆಯವರು ಬೆದರಿದರು. ಬೆದರಿದವರೆಲ್ಲ ಕತ್ತಲಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಸಲ್ಮಾನನ ಅಂಗಡಿಗೆ ಬಂದರು. ಸಲ್ಮಾನ್ ಎರಡು ಹಳೆಯ ಕಂಪ್ಯೂಟರಿಗೆ ಅದೇ ಆಟ ಹಾಕಿ ಕೋಚಿಂಗ್ ಶುರುಮಾಡಿದ. ಬುಲೆಟ್ ಗಾಡಿಗಳು ಸಾಲಾಗಿ ನಿಂತವು. ಮೀಸೆ ಹೊತ್ತ ಗಂಡಸರು ಹುಬ್ಬು ಗಂಟಿಕ್ಕಿಕೊಂಡು ಪರದೆಯ ಮೇಲೆ ಪಾತ್ರೆ ತೊಳೆದರು.

"ಭಾಯಿ, ಮಗೂಗೆ ಚಡ್ಡಿ ಬದಲಾಯ್ಸಕ್ಕೆ ಯಾವ ಬಟನ್ನು?" ಎಂದು ಕೇಳಿದವನು ರವಿಕಿರಣ್. ಅವನೇ ತರಗತಿಗೆ ಮೊದಲಿಗ. ಅವಮಾನ ಅವನನ್ನು ಚುರುಕು ಮಾಡಿತ್ತು. ಹೆಂಡತಿಯ ತಲೆ ಮೇಲೆ ಗುಳ್ಳೆ ಏಳುವ ಮೊದಲೇ ಕುಂಚ ತಂದುಕೊಡುವಷ್ಟು ಪಳಗಿದ. ವಿಷಯ ತಿಳಿದ ಪುಟ್ಟಗಂಗಮ್ಮ ಬಸ್ಸು ಹಿಡಿದು ಅಂಗಡಿಗೇ ಬಂದಳು.

"ನನ್ ಮಗನ ಕೈಲಿ ನೆಲ ಒರೆಸ್ತೀಯೇನಪ್ಪ ನೀನು?"

"ಕಂಪ್ಯೂಟರಲ್ಲಿ ಕಣಮ್ಮ" ಎಂದ ಸಲ್ಮಾನ್.

"ಎಲ್ಲಾದ್ರೇನು, ಒರೆಸಿದ್ದು ಒರೆಸಿದ್ದೇ!"

ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣೊಂದರ ಮುಂದೆ ರವಿಕಿರಣನ ಪರೀಕ್ಷೆ ನಡೆಯಿತು. ಸ್ವಂತ ಬುದ್ಧಿಯ ಬಟನ್ ಆನ್ ಆಗಿರಲಿ, ಆಫ್ ಆಗಿರಲಿ, ಮೌಸ್ ಅವನ ಕೈಯಲ್ಲಿದ್ದರೆ ಸಾಕಿತ್ತು. ತೊಟ್ಟಿಲು ತೂಗಿದ, ಒಲೆ ಒರೆಸಿದ, ಅತ್ತೆಗೆ ಮಾತ್ರೆ ಕೊಟ್ಟ. ಹೆಣ್ಣಿನ ಅಜ್ಜಿ ದೃಷ್ಟಿ ತೆಗೆದರು. ಮದುವೆ ಛತ್ರದಲ್ಲಿ ರೇಣುಕಪ್ರಸಾದನಿಗೆ ಶಾಲು ಹೊದಿಸಿದರು. ಅವನು ಸಮಾಜ ಸುಧಾರಣೆಯ ಬಗ್ಗೆ ಎರಡು ಮಾತಾಡಿದ. ಊಟದ ಎಲೆ ಹಾಕಿದ ಮೇಲೂ ಆ ಎರಡು ಮಾತು ಮುಗಿದಿರಲಿಲ್ಲ.

ತಿಂಗಳು ಕಳೆದಿರಬೇಕು. ಒಂದು ಸಂಜೆ ರವಿಕಿರಣನ ಹೆಂಡತಿಯ ಫೋನು ಬಂತು. ರೇಣುಕಪ್ರಸಾದ್ ಗತ್ತಿನಿಂದ ಸ್ಪೀಕರಿಗೆ ಹಾಕಿದ, ರಾಧಾಮಣಿಯೂ ಕೇಳಲಿ ಎಂದು.

"ಅಣ್ಣ, ಒಂದು ಮಾತು ಕೇಳ್ಬೇಕಿತ್ತು. ಅವತ್ತು ನಮ್ಮನೇಲಿ ಅಷ್ಟೆಲ್ಲ ಮಾಡಿ ತೋರ್ಸಿದ್ರಲ್ಲ ಇವ್ರು. ಇಲ್ಲಿ ಕುಡಿದ ಲೋಟ ಎತ್ತಿಡಲ್ಲ. ಕೇಳಿದ್ರೆ 'ತಡಿಯೇ, ಪಾತ್ರೆ ತೊಳೀತಾ ಇದೀನಿ' ಅಂತ ಲ್ಯಾಪ್‌ಟಾಪ್ ಮುಂದೆ ಕೂತವ್ರೆ. ದಿನಾ ತೊಳೀತಾರೆ ಕಣಣ್ಣ, ಅದ್ರಲ್ಲೇ. ಯಾವ ಬಟನ್ ಒತ್ತಬೇಕು ಹೇಳಿ."

ರೇಣುಕಪ್ರಸಾದ್ ಸ್ಪೀಕರ್ ಆಫ್ ಮಾಡಿದ. "ಹೊಸದ್ರಲ್ಲಿ ಹಂಗೇ ಕಣಮ್ಮ. ಸ್ವಲ್ಪ ದಿನ ಬಿಟ್ರೆ ಅಪ್‌ಡೇಟ್ ಬತ್ತದೆ" ಎಂದು ಫೋನಿಟ್ಟ. ಹೆಂಡತಿ ನಗುತ್ತಾಳೆಂದುಕೊಂಡ. ಅವಳು ನಗಲಿಲ್ಲ. ಕಾಯಿ ಹೆರೆದು ಒರಟಾದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತ ಕೂತಿದ್ದಳು.

"ಊರಿನೋರಿಗೆಲ್ಲ ಮನೆ ಕಟ್ಟಿದ್ರಲ್ಲ, ನಂಗೂ ಒಂದು ಕಟ್ಟಿ ನೋಡನ" ಎಂದಳು.

ಅವನು ಅರಳಿದ. ಮದುವೆಯಾದ ಮೇಲೆ ಅವಳು ಅವನ ಕಸುಬಿನ ಬಗ್ಗೆ ಆಸೆಯಿಂದ ಆಡಿದ ಮೊದಲ ಮಾತು ಅದು. ಲ್ಯಾಪ್‌ಟಾಪ್ ತೆರೆದು, "ಹೇಳು ರಾಧಾ, ಮಹಡಿ ಎರಡಿರ್ಲಾ, ಮೂರಿರ್ಲಾ?" ಎಂದ.

"ಮಹಡಿ ಬ್ಯಾಡ. ಒಂದು ಅಡುಗೆಮನೆ, ಅದಕ್ಕೊಂದು ದೊಡ್ಡ ಕಿಟಕಿ. ಒಂದು ಕೋಣೆ, ಒಂದು ಮಂಚ."

"ಮಂಚ ಒಂದೇನಾ?"

"ಒಂದೇ."

"ಮತ್ತೆ ನಾನು?"

"ನೀವು ಬಂದು ಹೋಗ್ತಾ ಇರಿ, ನೆಂಟ್ರಂಗೆ."

ತಮಾಷೆ ಇರಬೇಕೆಂದು ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ಹಿಂದೆ ನಿಂತು ಹೇಳಿದಂತೆ ಕಟ್ಟುತ್ತ ಹೋದ. ಕಿಟಕಿ ಇನ್ನೂ ಎಡಕ್ಕೆ ಎಂದಳು, ಸರಿಸಿದ. ಗೋಡೆಗೆ ತಿಳಿ ಹಸಿರು ಎಂದಳು, ಬಳಿದ. ಯಾರಿಗೂ ಒಪ್ಪಿಸಬೇಕಾಗಿಲ್ಲದ ಮನೆಯಾದ್ದರಿಂದ ಈಜುಕೊಳ ಬೇಕಾಗಲಿಲ್ಲ, ಕಳ್ಳ ಕೋಡೂ ಬೇಕಾಗಲಿಲ್ಲ. ಅವನು ಕಟ್ಟಿದ ಮನೆಗಳಲ್ಲೆಲ್ಲ ಮನುಷ್ಯರು ಬದುಕಬಹುದಾದ್ದೆಂದರೆ ಅದೊಂದೇ. ಕೊನೆಗೆ ರಾಧಾಮಣಿಯಂತೆಯೇ ಇರುವ ಹೆಂಗಸೊಬ್ಬಳು ಆ ಮನೆಯೊಳಗೆ ಹೋಗಿ ಮಂಚದ ಮೇಲೆ ಕಾಲು ಚಾಚಿ ಕೂತಳು. ಅವಳನ್ನು ಯಾರೂ ಕೂಗಲಿಲ್ಲ. ರಾಧಾಮಣಿ ಅದನ್ನೇ ನೋಡುತ್ತ ನಿಂತಳು.

ರೇಣುಕಪ್ರಸಾದ್ ಮತ್ತೆ ಮೌಸ್ ಹಿಡಿದ. ಅವಳು ಕೇಳದೆಯೇ ಬಾಗಿಲ ಹೊರಗೆ, ತೆಂಗಿನ ಮರದ ಕೆಳಗೆ, ಒಂದು ಕಲ್ಲುಬೆಂಚು ತಂದಿಟ್ಟ.

"ಅದ್ಯಾಕೆ?" ಎಂದಳು ರಾಧಾಮಣಿ.

"ನೆಂಟ್ರು ಬಂದ್ರೆ ಕೂತ್ಕೊಳಕ್ಕೆ."

ಅವಳು ಬಗ್ಗಿ ಬೆಂಚನ್ನು ನೋಡಿದಳು. "ಇರ್ಲಿ ಬುಡಿ" ಎಂದಳು. "ಒಳಗೆ ಬರೋವಾಗ ಕೂಗಿ ಬನ್ನಿ." ಆಮೇಲೆ ನಾಳೆಗೆ ಬೇಕಾದ ಅಕ್ಕಿ ಆರಿಸಲು ಮೊರ ಹುಡುಕಿಕೊಂಡು ಒಳಗೆ ಹೋದಳು.